ಜೊಂಡಕ್ಕ ಎಳೆದ ಗೂಡು

ಬಸ್ ಡಿಪೋದ ಹಿಂದೆ, ಅಪಾರ್ಟ್‌ಮೆಂಟುಗಳು ಬೆನ್ನು ತಿರುಗಿಸಿ ಬಟ್ಟೆ ಒಣಹಾಕುವ ಕಡೆ, ಬೇಲಿಯೊಳಗೊಂದು ಜೌಗು. ಅಲ್ಲಿ ಕಳೆ ಕೀಳುವುದು ಹದಿನೆಂಟು ವರ್ಷದಿಂದ ಜೊಂಡಕ್ಕನ ಕೆಲಸ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಅವಳ ಪಾಲಿಗೆ ಬಂದದ್ದು ಮೊದಲರ್ಧ. ಆದರೂ ಕೆಸರಿನಲ್ಲಿ ನಿಂತು ಹೆಸರು ಕೆಡಿಸಿಕೊಂಡವಳಲ್ಲ.

ಎಲ್ಲಿಂದಲೋ ಬಂದು ನೀರನ್ನೆಲ್ಲ ಹೊದ್ದು ಮಲಗುವ ಅಂತರಗಂಗೆ ಕಳೆಯನ್ನು ಉದ್ದದ ಕೊಕ್ಕೆಯಿಂದ ದಡಕ್ಕೆಳೆಯಬೇಕು. ಇಲ್ಲೇ ಹುಟ್ಟಿ ಬೆಳೆದ ಜೊಂಡು, ನೈದಿಲೆಗಳನ್ನು ಮುಟ್ಟಬಾರದು. ಹೊಸದಾಗಿ ಕೆಲಸಕ್ಕೆ ಸೇರಿದ ನಾದಿನಿಗೆ ಅವಳು ಇನ್ನೂ ಒಂದು ಪಾಠ ಹೇಳಿದ್ದಳು: ತೇಲುವ ಕೊಳೆಗುಪ್ಪೆ ಕಂಡರೆ ಮೊದಲು ಕೈಯಿಟ್ಟು ನೋಡು. ಅದು ಗೂಡಿರಬಹುದು. ನೀರಲ್ಲಿ ಮುಳುಗೇಳುವ ಗುಳುಮುಳುಕ ಹಕ್ಕಿ ಗೂಡು ಬಿಟ್ಟು ಮೇವಿಗೆ ಹೋಗುವಾಗ ಮೊಟ್ಟೆಗಳ ಮೇಲೆ ಕೊಳೆತ ಸೊಪ್ಪು ಹೊದಿಸಿ ಹೋಗುತ್ತದೆ.

ಆ ಬೆಳಿಗ್ಗೆ ನೀರೆಲ್ಲಿ ಮುಗಿಯಿತು, ಮಂಜೆಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಜೊಂಡಕ್ಕ ಕನಸಿನಲ್ಲಿದ್ದವಳಂತೆ ಎಳೆಯುತ್ತಲೇ ಹೋದಳು.

"ಅತ್ತಿಗೆ, ಈ ಕಸ ಬೆಚ್ಚಗಿದೆ," ಎಂದಳು ದಡದಲ್ಲಿದ್ದ ನಾದಿನಿ.

ಸೊಪ್ಪಿನಡಿ ನಾಲ್ಕು ಮೊಟ್ಟೆ.

"ಪಾಠ ಹೇಳಿದ ಟೀಚರಮ್ಮನೇ ಫೇಲಾ?"

"ಬಾಯಿ ಮುಚ್ಕೊಂಡು ಆ ಕಡೆ ಹಿಡಿ. ಅಲ್ಲಾಡಿಸ್ಬೇಡ."

ಗೂಡನ್ನು ಮೆಲ್ಲಗೆ ತೇಲಿಸಿಕೊಂಡು ಹೋಗಿ, ಮೊದಲಿದ್ದ ಜಾಗದಲ್ಲೇ ಜೊಂಡಿಗೆ ಕಟ್ಟಿ, ಸೊಪ್ಪು ಹೊದಿಸಿ, ಇಬ್ಬರೂ ದೂರ ಸರಿದು ಮರೆಯಲ್ಲಿ ಕೂತರು. ಮೊಟ್ಟೆ ತಣ್ಣಗಾಗುವುದರೊಳಗೆ ಹಕ್ಕಿ ಬರಬೇಕು.

"ಬರದಿದ್ರೆ?"

"ಬರುತ್ತೆ."

"ನಿಮಗೆ ಹೇಳಿ ಹೋಗಿದೆಯಾ?"

"ನಿನ್ನಣ್ಣ ಹೇಳಿ ಹೋಗ್ತಾನಾ? ಊಟದ ಹೊತ್ತಿಗೆ ಬರ್ತಾನಲ್ಲ."

ತಮಾಷೆಯೇನೋ ಬಾಯಿಗೆ ಬಂತು. ಕಣ್ಣು ಮಾತ್ರ ಗೂಡು ಬಿಟ್ಟು ಕದಲಲಿಲ್ಲ. ಡಿಪೋದ ಹಾರ್ನ್ ನೀರಿನಡಿಯಿಂದ ಬಂದಂತೆ ಕೇಳಿಸಿತು. ಏರೋಪ್ಲೇನ್ ಚಿಟ್ಟೆಯೊಂದು ಅವಳ ಹೆಬ್ಬೆರಳ ಮೇಲೆ ಕೂತು, ಇದೂ ಒಂದು ಕಡ್ಡಿ ಎಂದು ನಂಬಿ, ಅಲ್ಲೇ ಉಳಿಯಿತು. ತನಗೂ ಬೇರು ಬಿಟ್ಟಿದೆಯೇನೋ, ಇನ್ನು ಮನೆಗೆ ಹೋಗುವಂತಿಲ್ಲವೇನೋ ಎನ್ನಿಸಿತು ಅವಳಿಗೆ. ಬೇಸರವಾಗಲಿಲ್ಲ.

ಮಂಜು ತೆಳುವಾದಾಗ ನೀರು ಪುಳಕ್ಕೆಂದಿತು. ಗುಂಡಗಿನ ಹಕ್ಕಿ ಮೇಲೆದ್ದು ಗೂಡಿಗೆ ಎರಡು ಸುತ್ತು ಹಾಕಿ, ಹತ್ತಿ, ಜೊಂಡಕ್ಕ ಹೊದಿಸಿದ್ದ ಸೊಪ್ಪನ್ನು ಒಂದೊಂದೇ ಎಳೆದು ಪಕ್ಕಕ್ಕೆಸೆಯಿತು.

"ನಿಮ್ಮ ಕೆಲಸ ಅವಳಿಗೆ ಹಿಡಿಸ್ಲಿಲ್ಲ," ನಾದಿನಿ ಪಿಸುಗುಟ್ಟಿದಳು.

"ಅವಳ ಮನೆ, ಅವಳಿಷ್ಟ."

ಹಕ್ಕಿ ಗರಿ ಸಡಿಲಿಸಿ ಮೊಟ್ಟೆಗಳ ಮೇಲೆ ಕೂತಿತು. ಜೊಂಡಕ್ಕನ ಕಾಲು ಜೋಮು ಹಿಡಿದಿತ್ತು. ಎದ್ದರೆ ಹಕ್ಕಿ ಬೆಚ್ಚೀತೆಂದು ಇಬ್ಬರೂ ಅಲ್ಲಾಡದೆ ಕೂತೇ ಇದ್ದರು. ಆ ದಿನ ಮತ್ತೆ ಒಂದು ಹಿಡಿ ಕಳೆಯೂ ದಡ ಹತ್ತಲಿಲ್ಲ.