ಮಲಗಲು ಬಾರದವರು

ವೀಲ್‌ಚೇರಿನ ಎಡಗಡೆಯ ಬ್ರೇಕು ಕಚ್ಚಬೇಕಾದರೆ ಅದರ ಹಿಡಿಯನ್ನು ಬಲಗಡೆಯದಕ್ಕಿಂತ ಅರ್ಧ ಇಂಚು ಹೆಚ್ಚು ಒತ್ತಬೇಕಿತ್ತು. ಕಚ್ಚಿದಾಗ ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಸದ್ದು ಬಾರದಿದ್ದರೆ ಬ್ರೇಕು ಬಿದ್ದ ಹಾಗೆ ಕಾಣಿಸುತ್ತಿತ್ತೇ ಹೊರತು ಬಿದ್ದಿರುತ್ತಿರಲಿಲ್ಲ.

ಆ ಕುರ್ಚಿ, ಒಂದು ಕಬ್ಬಿಣದ ಮಂಚ, ಎರಡು ಬೆಡ್‌ಪ್ಯಾನು, ಬಿ.ಪಿ. ನೋಡುವ ಒಂದು ಮಿಷನ್ನು. ನನ್ನ ತರಗತಿಯ ಆಸ್ತಿ ಇಷ್ಟೇ. ನಂಜನಗೂಡಿನ ಪೇಟೆಯಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ, ನಾನು ಹದಿನಾರು ಮಂದಿ ಹೆಂಗಸರಿಗೆ ಪಾಠ ಮಾಡುತ್ತಿದ್ದೆ. ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸದ ತರಬೇತಿ ಅದು. ಮೂರು ತಿಂಗಳು ಕಲಿತ ಮೇಲೆ ಮೈಸೂರಿನಿಂದ ಪರೀಕ್ಷಕಿಯೊಬ್ಬರು ಬಂದು ಕೈಕೆಲಸ ನೋಡುತ್ತಿದ್ದರು. ಅವರು ಸೈ ಅಂದರೆ ಸರ್ಟಿಫಿಕೇಟು. ನಾನು ಎಂ.ಎಸ್.ಡಬ್ಲ್ಯು. ಮುಗಿಸಿ ಎರಡು ವರ್ಷವಾಗಿತ್ತು. ಕಲಿಯಲು ಬಂದವರಲ್ಲಿ ಅರ್ಧದಷ್ಟು ಜನ ನನ್ನ ತಾಯಿಯ ವಯಸ್ಸಿನವರು.

ಗೊತ್ತಿಲ್ಲದ್ದನ್ನು ಅವರು ಬೇಗ ಕಲಿತರು. ನಾಡಿ ಎಣಿಸುವುದು, ಗ್ಲೌಸ್ ಬಿಚ್ಚುವ ಕ್ರಮ, ಬೆನ್ನಿನಲ್ಲಿ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಯಾವುದಕ್ಕೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ನಾನು ಮುಗ್ಗರಿಸಿದ್ದು ಪಾಠವೇ ಅಲ್ಲ ಎಂದುಕೊಂಡಿದ್ದ ಒಂದು ಜಾಗದಲ್ಲಿ.

ಮಂಚದಿಂದ ಕುರ್ಚಿಗೆ ಕೂರಿಸುವ ಅಭ್ಯಾಸಕ್ಕೆ ಒಬ್ಬರು ರೋಗಿಯಾಗಬೇಕಿತ್ತು. ರೋಗಿಗೆ ಎಡಭಾಗದ ಸ್ವಾಧೀನವಿಲ್ಲ, ಆದ್ದರಿಂದ ಅವರು ತಾವಾಗಿ ಏಳಬಾರದು. ಮೊದಲು ಮಲಗಿದವರು ದೇವನೂರಿನವರೊಬ್ಬರು. ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಬರುತ್ತಿದ್ದ ಅವರೇ ಎಲ್ಲರಿಗಿಂತ ಹಿರಿಯರು. ತರಗತಿಯೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿತ್ತು. ಎತ್ತುವವಳು ಹತ್ತಿರ ಬಂದು ಬಗ್ಗುತ್ತಿದ್ದಂತೆ ದೊಡ್ಡವ್ವ ಎದ್ದರು, ಹಾಸಿಗೆಯ ಸುಕ್ಕು ಬಿಡಿಸಿದರು, ಸೆರಗು ಸರಿಮಾಡಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು.

"ಆಯ್ತಾ ಮೇಡಂ?"

"ನೀವು ಏಳಬಾರದು. ನಿಮ್ಮ ಎಡಗೈ, ಎಡಗಾಲು ಆಡೋದಿಲ್ಲ."

"ಗೊತ್ತು ಕಣ್ ಮೇಡಂ. ಪಾಪ, ಆ ಕೂಸು ಬಗ್ಗಿ ಎತ್ಬೇಕಲ್ಲ ಅಂತ ನಾನೇ ಎದ್ಬುಟ್ಟೆ."

ಅವರೊಬ್ಬರದೇ ಕಥೆಯಲ್ಲ ಅದು. ಉಣ್ಣಿಸುವ ಪಾಠದಲ್ಲಿ ರೋಗಿ ಚಮಚ ಕಿತ್ತುಕೊಂಡು, "ನೀನ್ ಉಂಡ್ಯಾ ಮೊದ್ಲು?" ಎಂದು ಕೇಳಿದಳು. ಕಾಲು ತೊಳೆಯುವ ಪಾಠದಲ್ಲಿ ಕಿರಿಯಳು ರೋಗಿಯಾಗಿದ್ದಳು. "ದೊಡ್ಡೋರು ನನ್ ಕಾಲ್ ಮುಟ್ಬ್ಯಾಡಿ, ಪಾಪ ಬತ್ತದೆ" ಎಂದು ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಸುಮ್ಮನೆ ಮಲಗೋದು ಅಷ್ಟು ಕಷ್ಟವಾ?" ಎಂದು ಕೇಳಿದೆ.

"ಬಾಣಂತನ ಬುಟ್ರೆ ಹಗಲೊತ್ತು ಬೆನ್ನು ನೆಲಕ್ ಹಾಕಿದ್ದೇ ಕಾಣೆ ಕಣ್ ಮೇಡಂ" ಎಂದರು ದೊಡ್ಡವ್ವ. ಎಲ್ಲರೂ ತಮ್ಮ ತಮ್ಮ ಬದುಕನ್ನು ಬೆರಳಲ್ಲಿ ಎಣಿಸತೊಡಗಿದರು.

"ಆಪರೇಸನ್ ಆದಾಗ ನಾನ್ ಮೂರು ದಿನ ಮಲಗಿದ್ದೆ" ಎಂದು ಒಬ್ಬಳು ಹೆಮ್ಮೆಯಿಂದ ಹೇಳಿದಳು.

"ಅದೂ ಬಾಣಂತನದ ಲೆಕ್ಕನೇ ಕಣಕ್ಕ, ಸುಮ್ಕಿರು."

ನಾನೂ ನಕ್ಕೆ. ಪುಸ್ತಕದಲ್ಲಿ "ರೋಗಿಯ ಪಾತ್ರ: ಇನ್ನಷ್ಟು ಅಭ್ಯಾಸ ಬೇಕು" ಎಂದು ಬರೆದುಕೊಂಡು ಮುಂದಿನ ಪಾಠಕ್ಕೆ ಹೋದೆ. ತಪ್ಪಾದದ್ದು ಅಲ್ಲಿ.

ನಿಜವಾಗಿ ಮಲಗಲು ಬರುತ್ತಿದ್ದವಳು ಒಬ್ಬಳೇ, ಮೂಗೂರಿನಾಕೆ. ನನಗಿಂತ ಎರಡು ವರ್ಷ ದೊಡ್ಡವಳು. ನಾಲ್ಕು ಗಂಟೆಗೆ ಎದ್ದು, ಅಡುಗೆ ಮುಗಿಸಿ, ಇಬ್ಬರು ಮಕ್ಕಳನ್ನು ಅತ್ತೆಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ತಲೆ ದಿಂಬಿಗೆ ತಾಗಿದ್ದೇ ತಡ, ಆಕೆ ರೋಗಿಯ ಪಾತ್ರ ಮಾಡುತ್ತಿರಲಿಲ್ಲ, ನಿದ್ದೆಯನ್ನೇ ಮಾಡುತ್ತಿದ್ದಳು.

ಆಕೆಗೆ ಈ ಸರ್ಟಿಫಿಕೇಟು ಉಳಿದವರಿಗಿಂತ ಹೆಚ್ಚು ಬೇಕಿತ್ತು. ಮೊದಲು ನಂಜನಗೂಡಿನ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಳು. ಮನೆ ಸೇರುವಷ್ಟರಲ್ಲಿ ಮಕ್ಕಳು ಮಲಗಿರುತ್ತಿದ್ದವು. ಟಿ. ನರಸೀಪುರದಲ್ಲಿ ಮನೆಮನೆಗೆ ಆರೈಕೆಯವರನ್ನು ಕಳಿಸುವ ಸಂಸ್ಥೆಯೊಂದು ಆಕೆಯ ಕೆಲಸ ಮೆಚ್ಚಿ ಒಂದು ಜಾಗ ಹಿಡಿದಿಟ್ಟಿತ್ತು. ಮೂಗೂರಿನಿಂದ ಒಂದೇ ಬಸ್ಸು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಆಕೆಯೂ ಮನೆಯಲ್ಲಿರಬಹುದು. ಆದರೆ ಸರ್ಟಿಫಿಕೇಟಿಲ್ಲದೆ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಅತ್ತೆ ಮಕ್ಕಳನ್ನು ನೋಡಿಕೊಳ್ಳಲು ಕೊಟ್ಟಿದ್ದ ಗಡುವೂ ಮೂರೇ ತಿಂಗಳು. ತಪ್ಪಿದರೆ ಮತ್ತೆ ಫ್ಯಾಕ್ಟರಿ.

ಪರೀಕ್ಷೆಯ ಶನಿವಾರ ಆಕೆಗೆ ಜೋಡಿಯಾಗಿ ಬಂದವರು ದೊಡ್ಡವ್ವ. ಮೊದಲು ದೊಡ್ಡವ್ವ ಎತ್ತುವವರು, ಆಕೆ ರೋಗಿ. ಮೂಗೂರಿನಾಕೆ ಗಾಢ ನಿದ್ದೆಗೆ ಜಾರಿದಳು. ದೊಡ್ಡವ್ವ ಅವಳನ್ನು ಮೊಸರಿನ ಗಡಿಗೆಯಂತೆ ಅಲುಗದ ಹಾಗೆ ಎತ್ತಿ ಕೂರಿಸಿ, ಒಳ್ಳೆಯ ಅಂಕ ಪಡೆದರು. ಆಮೇಲೆ ಅದಲುಬದಲು. ದೊಡ್ಡವ್ವ ಮಲಗಿದರು, ಕಣ್ಣು ಮುಚ್ಚಿದರು, ಹಲ್ಲು ಕಚ್ಚಿದರು. ಮೂಗೂರಿನಾಕೆ ಬಗ್ಗಿ ಬೆನ್ನಿಗೆ ಕೈ ಕೊಟ್ಟಳು. ಅಷ್ಟೇ. ದೊಡ್ಡವ್ವ ಸ್ವಾಧೀನವಿಲ್ಲದ ಎಡಗೈಯನ್ನು ಊರಿ ಎದ್ದರು, ಕುರ್ಚಿಯಲ್ಲಿ ಕೂತರು, ಎರಡೂ ಬ್ರೇಕನ್ನು ತಾವೇ ಹಾಕಿದರು. ಎಡಗಡೆಯದನ್ನು ಅರ್ಧ ಇಂಚು ಹೆಚ್ಚೇ ಒತ್ತಿದರು.

ಪರೀಕ್ಷಕಿ ಪೆನ್ನು ಕೆಳಗಿಟ್ಟರು. "ರೋಗಿ ಚೆನ್ನಾಗಿ ಕೆಲಸ ಮಾಡಿದ್ರು. ಇವರಿಗೆ ಮಾಡೋಕೆ ಏನೂ ಉಳೀಲಿಲ್ಲ."

ಹಾಲೆಲ್ಲ ನಕ್ಕಿತು. ಮೂಗೂರಿನಾಕೆಯೂ ನಕ್ಕಳು. ಹಾಳೆಯಲ್ಲಿ ತನ್ನ ಹೆಸರಿನ ಮುಂದೆ ನಪಾಸು ಎಂದು ಬರೆದದ್ದು ಕಂಡ ಮೇಲೆ ನಗು ನಿಂತಿತು. ಮರುಪರೀಕ್ಷೆ ಮುಂದಿನ ಭಾನುವಾರ, ಟಿ. ನರಸೀಪುರದಲ್ಲಿ. ಕೆಲಸ ಶುರುವಾಗಬೇಕಿದ್ದದ್ದು ಅದರ ಮರುದಿನ.

ಗುರುವಾರ ಮೂವರೂ ಅಭ್ಯಾಸಕ್ಕೆ ಸೇರಿದೆವು. ಉಳಿದವರಲ್ಲಿ ಕೆಲವರು ನೋಡಲೆಂದೇ ಬಂದಿದ್ದರು. ಮರುಪರೀಕ್ಷೆಗೂ ದೊಡ್ಡವ್ವನೇ ರೋಗಿ ಎಂದುಕೊಂಡು, ಮನೆಯಲ್ಲಿ ಮಲಗಿ ರೂಢಿ ಮಾಡಿಕೊಳ್ಳಿ ಎಂದಿದ್ದೆ. ಅವರು ವರದಿ ಒಪ್ಪಿಸಿದರು.

"ನೆನ್ನೆ ಅನ್ನೊಂದು ಗಂಟೇಲಿ ಮನೇಲಿ ಮಲ್ಕಂಡೆ ಮೇಡಂ. ಪಕ್ಕದ್ಮನೆಯವ್ಳು ಇಣುಕ್ಬುಟ್ಟು, ಜ್ವರವಾ ಅಂದ್ಲು. ಇಲ್ಲ ಕಣವ್ವ, ಓಮ್‌ವರ್ಕು ಅಂದೆ. ಆಮೇಲೆ ನಮ್ಮೆಜಮಾನ್ರು, ಯಾವತ್ತೂ ಇಲ್ದೋರು, ಕಾಪಿ ಕಾಯಿಸ್ಕಂಡ್ ಬಂದ್ರು. ಅದ ನೋಡಿ ನಂಗೇ ಗಾಬರಿಯಾಗಿ ಎದ್ಬುಟ್ಟೆ."

"ಎಷ್ಟು ಹೊತ್ತು ಮಲಗಿದ್ರಿ?"

"ಒಂದ್ ಪಾವು ಆಲು ಉಕ್ಕೋ ಅಷ್ಟೊತ್ತು."

ಮೂಗೂರಿನಾಕೆ ನನ್ನ ಕಡೆ ತಿರುಗಿದಳು. "ಮೇಡಂ, ನೀವೇ ಮಲಗ್ಬೋದಲ್ವಾ?" ಎಂದಳು.

"ನಾನು ನೋಡ್ತಾ ಇರಬೇಕಲ್ವಾ?" ಎಂದೆ.

"ನೋಡೋಕೆ ಮೈಸೂರಿಂದ ಬತ್ತಾರಲ್ಲ" ಎಂದರು ದೊಡ್ಡವ್ವ. ಹಿಂದಿನಿಂದ ಇನ್ನೊಬ್ಬಳ ದನಿ ಸೇರಿತು. "ಮೂರ್ ತಿಂಗ್ಳಲ್ಲಿ ಒಂದ್ಸಲಾನೂ ಮಲಗ್ನಿಲ್ಲ ಕಣ್ರೀ ಇವ್ರು."

ನಿಜವಾಗಿತ್ತು. ನಾನು ಮಂಚದ ಪಕ್ಕ ನಿಂತು ಹದಿನಾರು ಜನರನ್ನು ಮಲಗಿಸಿದ್ದೆ. ಒಂದು ಸಲವೂ ಮಲಗಿರಲಿಲ್ಲ. ಕಲಿಸುವವರು ನಿಂತೇ ಇರಬೇಕು ಎಂಬುದು ನಾನು ಇಟ್ಟುಕೊಂಡಿದ್ದ ಕಾರಣ. ನನ್ನನ್ನು ಇನ್ನೊಬ್ಬರು ಮುಟ್ಟಿದರೆ ಮೈ ಬಿಗಿಯಾಗುತ್ತದೆ ಎಂಬುದು ನಿಜವಾದ ಕಾರಣ. ಐದು ವರ್ಷ ಹಾಸ್ಟೆಲಿನಲ್ಲಿದ್ದರೂ ಯಾರಿಂದಲೂ ತಲೆ ಬಾಚಿಸಿಕೊಂಡವಳಲ್ಲ. ಶುಕ್ರವಾರ ಪರೀಕ್ಷಕಿಗೆ ಫೋನ್ ಮಾಡಿ, ರೋಗಿ ಯಾರಿರಬೇಕೆಂಬ ನಿಯಮವಿದೆಯೇ ಎಂದು ವಿಚಾರಿಸಿದೆ. "ಯಾರಾದರೂ ಆಗಲಿ. ಏಳದಿದ್ದರೆ ಸಾಕು" ಎಂದರು.

ಭಾನುವಾರ, ಅಲ್ಲಿ ವೀಲ್‌ಚೇರಿಲ್ಲವೆಂದು ನಮ್ಮ ಕುರ್ಚಿಯನ್ನೇ ಮಡಚಿಕೊಂಡು ನಾನೂ ದೊಡ್ಡವ್ವನೂ ನರಸೀಪುರದ ಬಸ್ಸು ಹತ್ತಿದೆವು. ಅವರು ಬರಬೇಕೆಂದೇನಿರಲಿಲ್ಲ. "ಕೆಡಿಸ್ದೋಳು ನಾನು, ನೋಡ್ದೆ ಇದ್ರೆ ಅನ್ನ ಸೇರಾಕಿಲ್ಲ" ಎಂದು ಬಂದಿದ್ದರು. ಕಂಡಕ್ಟರು ಕುರ್ಚಿಗೆ ಲಗೇಜ್ ಟಿಕೆಟ್ ಆಗಬೇಕೆಂದರು.

"ನಮ್ಗಿಬ್ರಿಗೂ ಫ್ರೀ, ಕುರ್ಚಿಗೆ ಟಿಕೆಟ್ಟಾ ಸಾ? ಅದೂ ಹೆಂಗ್ಸೇ ಅಂತ ಬರ್ಕಳಿ" ಎಂದರು ದೊಡ್ಡವ್ವ.

"ಆಧಾರ್ ಕಾರ್ಡ್ ತೋರ್ಸು ಅನ್ನಿ ಅದಕ್ಕೆ" ಎಂದು ಕಂಡಕ್ಟರು ಟಿಕೆಟು ಹರಿದು ಕೊಟ್ಟರು.

ಪರೀಕ್ಷೆಯ ಕೋಣೆಯಲ್ಲಿ ಮೂಗೂರಿನಾಕೆ ಇಸ್ತ್ರಿ ಮಾಡಿದ ಸೀರೆಯುಟ್ಟು ನಿಂತಿದ್ದಳು. ದೊಡ್ಡವ್ವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಲಾಯಿತು. ಕಿಟಕಿಯಿಂದ ನೋಡಿದಾಗ ಅವರು ಎರಡೂ ಕೈಯನ್ನು ತೊಡೆಯಡಿ ಒತ್ತಿಟ್ಟುಕೊಂಡಿದ್ದರು. "ನಾನ್ ಮಲಗ್ತೀನಿ" ಎಂದು ನಾನು ಹೇಳಿದಾಗ ಮೂಗೂರಿನಾಕೆ ದಿಂಬು ಸರಿಮಾಡಿದಳು.

ಮಲಗಿ ಮೇಲೆ ನೋಡಿದೆ. ಫ್ಯಾನಿನ ಕೊಂಡಿಯ ಸುತ್ತ ಸುಣ್ಣ ಎದ್ದಿತ್ತು. ಮಲಗಿದವರಿಗೆ ಕಾಣುವುದು ಚಾವಣಿ, ಮತ್ತು ಬಗ್ಗಿದವರ ಗಲ್ಲ ಮಾತ್ರ ಎಂಬುದು ಮೂರು ತಿಂಗಳು ಈ ಪಾಠ ಹೇಳಿದ ನನಗೆ ಗೊತ್ತಿರಲಿಲ್ಲ.

"ಅಮ್ಮಾ, ನಿಮ್ಮನ್ನ ಕುರ್ಚಿ ಮೇಲೆ ಕೂರಿಸ್ತೀನಿ. ಆಗ್ಬೋದಾ?"

"ಆಗಬಹುದು."

"ಈಗ ಬೆನ್ನಿಗೆ ಕೈ ಕೊಡ್ತೀನಿ."

ಕೈ ಬೆಚ್ಚಗಿತ್ತು, ಗಡಿಬಿಡಿಯಿರಲಿಲ್ಲ. ಆದರೂ ನನ್ನ ಎಡಗಾಲು ಹೇಳದೆ ಕೇಳದೆ ಮಂಚದ ಅಂಚಿಗೆ ಜರುಗಿತು. ಆಕೆ ನಿಂತಳು. ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ನಿಮ್ ಎಡಗಾಲು ಈಗ ನಂದು. ನೀವು ಬುಡಿ."

ಬಿಟ್ಟೆ. ಕಾಲಿನ ಭಾರವೆಲ್ಲ ಆಕೆಯ ಅಂಗೈಗೆ ಹೋಯಿತು. ನನ್ನನ್ನು ಮಂಚದ ಅಂಚಿನಲ್ಲಿ ಕೂರಿಸಿ, ಕುರ್ಚಿಯನ್ನು ನನ್ನ ಬಲಗಡೆಗೆ ತಂದು, ಆಚೆಯ ಬ್ರೇಕು ಹಾಕಿದಳು. ಟಕ್ ಎಂದಿತು. ಈಚೆಯದನ್ನು, ಎಡಗಡೆಯದನ್ನು, ಒತ್ತಿದಳು. ಸದ್ದು ಬರಲಿಲ್ಲ. ಆಕೆ ನನ್ನ ಸೊಂಟಕ್ಕೆ, ಎತ್ತುವಾಗ ಹಿಡಿದುಕೊಳ್ಳುವ ಪಟ್ಟಿ ಕಟ್ಟತೊಡಗಿದಳು.

ಬ್ರೇಕಿನ ಹಿಡಿ ನನ್ನ ಬಲಗೈಗೆ ಒಂದು ಗೇಣು ದೂರದಲ್ಲಿತ್ತು. ಅರ್ಧ ಇಂಚು ಒತ್ತಿದರೆ ಮುಗಿಯಿತು. ಒತ್ತಿದರೆ ಆಕೆಯ ಕೆಲಸವೂ ಮುಗಿಯಿತು. ಒತ್ತದಿದ್ದರೆ ಕುರ್ಚಿ ಜಾರಿ ನಾನು ಕೆಳಗೆ. ಬೆರಳುಗಳು ಎದ್ದೇ ಎದ್ದವು. ದೊಡ್ಡವ್ವನಿಗೆ ಆ ಶನಿವಾರ ಏನಾಗಿತ್ತೆಂದು ಆಗ ನನಗೆ ತಿಳಿಯಿತು. ಬೆರಳು ಮಡಚಿ ಮಡಿಲಲ್ಲಿಟ್ಟುಕೊಂಡೆ.

ಪಟ್ಟಿ ಬಿಗಿದಾಯಿತು. ಆಕೆ ಮಂಡಿ ಬಗ್ಗಿಸಿದಳು, ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಕೆಳಗಿಳಿಸಿ, ಕೈ ಚಾಚಿ, ಹಿಡಿಯನ್ನು ಇನ್ನರ್ಧ ಇಂಚು ಒತ್ತಿದಳು. ಟಕ್.

"ಮೂರು ಅಂದಾಗ ಏಳವ ಅಮ್ಮಾ. ಒಂದು, ಎರಡು."

ಕೂತಿದ್ದೆ. ಹೇಗೆ ಕೂತೆನೆಂದು ಗೊತ್ತಾಗಲಿಲ್ಲ. ಪರೀಕ್ಷಕಿ ಬಹಳ ಹೊತ್ತು ಬರೆದರು. "ರೋಗಿಯ ಎಡಗಾಲು ಒಂದು ಸಲ ಅಲ್ಲಾಡಿತು" ಎಂದರು. "ಅದು ರೋಗಿಯ ತಪ್ಪು. ಇವರದು ಪಾಸು." ಕಿಟಕಿಯ ಆಚೆ ದೊಡ್ಡವ್ವ ಬೆಂಚಿನಿಂದ ಎದ್ದಿದ್ದರು. ಈ ಸಲ ಏಳಬಾರದೆಂದು ಯಾರೂ ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ ಬ್ರೇಕು ಮರೆತಿತ್ತೇ ಎಂದು ಕೇಳಿದೆ.

"ಇಲ್ಲ ಮೇಡಂ. ಸದ್ ಬರ್ನಿಲ್ಲ ಅಂತ ಗೊತ್ತಿತ್ತು. ಪಟ್ಟಿ ಕಟ್ಬುಟ್ಟು ನೋಡವ ಅಂತಿದ್ದೆ. ಅಷ್ಟ್ರಲ್ಲಿ ನಿಮ್ ಬೆರಳ್ ಕಂಡು ನಗು ಬಂತು. ತಡ್ಕಳದೇ ಕಷ್ಟ ಆಗೋಯ್ತು."

"ಮೇಡಂಗೂ ಮಲಗಾಕೆ ಬರಾಕಿಲ್ಲ ಅನ್ನು" ಎಂದರು ದೊಡ್ಡವ್ವ, ಬಹಳ ಸಮಾಧಾನದಿಂದ.

ಮಾರನೆಯ ದಿನ ಬೆಳಗ್ಗೆ ನಂಜನಗೂಡಿನ ಹಾಲಿನಲ್ಲಿ ಹೊಸ ತಂಡ ಬಂದು ಕೂತಿತ್ತು, ಹದಿನಾಲ್ಕು ಜನ. ಎಂಟೂವರೆಗೆ ಮೂಗೂರಿನಾಕೆ ಮೊದಲ ಮನೆಯ ಬಾಗಿಲಲ್ಲಿ ನಿಂತಿದ್ದೇನೆಂದು ಮೆಸೇಜು ಕಳಿಸಿದಳು. ಪಾಠದ ಪಟ್ಟಿಯಲ್ಲಿ ಮೊದಲ ದಿನದ ಮೊದಲ ಸಾಲು ಕೈ ತೊಳೆಯುವ ಕ್ರಮ. ಅದನ್ನು ಎರಡನೆಯ ಸಾಲಿಗೆ ತಳ್ಳಿದೆ. ವಾಚು ಬಿಚ್ಚಿ ಮೇಜಿನ ಮೇಲಿಟ್ಟೆ, ಚಪ್ಪಲಿ ಕಳಚಿದೆ, ಮಂಚದ ಮೇಲೆ ಮಲಗಿದೆ. "ನನಗೆ ಎಡಗೈ, ಎಡಗಾಲು ಆಡೋದಿಲ್ಲ" ಎಂದು ಚಾವಣಿ ನೋಡುತ್ತ ಹೇಳಿ, ಯಾರಾದರೂ ಬರಲೆಂದು ಕಾದೆ.