ಕರಡಿಮೊರಡಿ ಕಣಿವೆಗೆ ಕಾವಲಿರುವ ಕೊಲ್ಲಾಪುರಮ್ಮ

ಬೆಳ್ಳಿ ಮೂಡಿ ಇನ್ನೂ ಹೆಚ್ಚು ಹೊತ್ತಾಗಿಲ್ಲ. ಕೊಲ್ಲಾಪುರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಕಣಿವೆಯ ಮೇಲಿನ ಬಂಡೆಗುಂಡು ಹತ್ತುತ್ತಿದ್ದಾರೆ. ಐವತ್ತು ದಾಟಿದ ಜೀವ. ಹಿಂದೆ ಏದುಸಿರು ಬಿಡುತ್ತ ಬರುತ್ತಿರುವವನು ನಾನು. ನೆತ್ತಿ ಮುಟ್ಟಿದವರೇ ಅವರು ಬಂಡೆಯ ಸಂದಿನಿಂದ ಒಂದು ಹಿಡಿ ಹುಲ್ಲು ಕಿತ್ತು ಅಂಗೈಯಲ್ಲಿ ಹೊಸಕುತ್ತಾರೆ. ಹುಲ್ಲು ಪುಡಿಪುಡಿಯಾಗಿ ಉದುರುತ್ತದೆ.

“ಇಬ್ಬನಿ ಬಿದ್ದೇ ಇಲ್ಲ ಸ್ವಾಮಿ. ಇವತ್ತು ಹೊತ್ತು ನೆತ್ತಿಗೆ ಬರೋ ಮುಂಚೆ ಗಾಡಿ ಎಲ್ಲಾ ಆ ಕಡೀಕೆ ದಾಟ್ಬುಡಬೇಕು” ಎನ್ನುತ್ತಾರೆ.

ಬೆಳಕು ಹರಿಯುತ್ತಿದ್ದಂತೆ ಅಲ್ಲಿ ನೆಟ್ಟಿರುವ ಬಿದಿರಿನ ಗಳದ ತುದಿಗೆ ಬಿಳಿಯ ಬಟ್ಟೆ ಏರಿಸುತ್ತಾರೆ. ಬಿಳಿ ಕಂಡರೆ ಕಣಿವೆಗೆ ಇಳಿಯಬಹುದು, ಕೆಂಪು ಕಂಡರೆ ನಿಲ್ಲಬೇಕು. ಈ ಬಟ್ಟೆ ಮಧುಗಿರಿ ಕಡೆಯ ಬಾಯಿಗೂ ಕಾಣುತ್ತದೆ, ಕೊರಟಗೆರೆ ಕಡೆಯ ಬಾಯಿಗೂ ಕಾಣುತ್ತದೆ.

ಕರಡಿಮೊರಡಿ ಕಣಿವೆಯೆಂದರೆ ಈ ಎರಡು ಊರುಗಳ ನಡುವಿನ ಬೆಟ್ಟಗಳಲ್ಲಿ ನುಸುಳುವ ಗಾಡಿಜಾಡು. ಮೋಟಾರು ಓಡುವ ದೊಡ್ಡ ರಸ್ತೆಯಲ್ಲಿ ಸುತ್ತಿ ಹೋದರೆ ಎರಡು ಹರದಾರಿ ಹೆಚ್ಚು. ಹಾಗಾಗಿ ಎತ್ತಿನ ಗಾಡಿಗಳೆಲ್ಲ ಒಳದಾರಿಯನ್ನೇ ಹಿಡಿಯುತ್ತವೆ. ಮಳೆಗಾಲದಲ್ಲಿ ತೊಂದರೆಯಿಲ್ಲ. ಶಿವರಾತ್ರಿ ಕಳೆದರೆ ಎದೆಯುದ್ದದ ಬಾದೆ ಹುಲ್ಲು ಒಣಗಿ ನಿಲ್ಲುತ್ತದೆ. ಜೇನು ಕೀಳುವವರು ಮರೆತ ಒಂದು ಕೊಳ್ಳಿ, ಯಾರೋ ಎಸೆದ ಒಂದು ಬೀಡಿ ಸಾಕು, ಬೆಟ್ಟಕ್ಕೆ ಬೆಟ್ಟವೇ ಹೊತ್ತಿಕೊಳ್ಳುತ್ತದೆ.

ಅಲ್ಲಿಂದ ಮೊದಲ ಮಳೆಯವರೆಗೆ, ಹೆಚ್ಚು ಕಡಿಮೆ ನೂರು ದಿನ, ಕೊಲ್ಲಾಪುರಮ್ಮ ದಿನಕ್ಕೆ ಮೂರು ಸಲ ಗುಂಡು ಹತ್ತಿ ಇಳಿಯುತ್ತಾರೆ. ದಿನಕ್ಕೆ ಇಪ್ಪತ್ತು ಗಾಡಿ, ಸಂತೆಯ ದಿನ ನಲವತ್ತು. ಒಂಟಿ ಗಾಡಿಯನ್ನು ಅವರು ಬಿಡುವುದಿಲ್ಲ, ನಾಲ್ಕಾದರೂ ಕೂಡಬೇಕು. ನೀರಿನ ಗಡಿಗೆ ತುಂಬಿದೆಯೇ ಎಂದು ಬಗ್ಗಿ ನೋಡುತ್ತಾರೆ. ಕಣಿವೆಯೊಳಗೆ ಒಲೆ ಹೂಡುವಂತಿಲ್ಲ. ಬೀಡಿ, ಬೆಂಕಿಪೊಟ್ಟಣ, ಚಕಮಕಿ ಏನಿದ್ದರೂ ಅವರ ಗುಡಿಸಲಿನ ಗೂಡಿನಲ್ಲಿಟ್ಟು ಹೋಗಬೇಕು, ಹಿಂದಿರುಗುವಾಗ ಇಸಿದುಕೊಳ್ಳಬೇಕು. ಯಾರದು ಯಾವುದೆಂದು ಒಮ್ಮೆಯೂ ತಪ್ಪಿಲ್ಲವಂತೆ.

ಗುಡಿಸಲಿನ ಮುಂದೆ ಅವರ ಗಂಡ ದೊಡ್ಡರಂಗಪ್ಪ ಪೊರಕೆ ಕಟ್ಟುತ್ತ ಕೂತಿದ್ದಾರೆ. ಅರಣ್ಯ ಇಲಾಖೆಯ ಪುಸ್ತಕದಲ್ಲಿ ಬೆಂಕಿ ಕಾವಲುಗಾರನೆಂದು ಇರುವುದು ಇವರ ಹೆಸರು. ಹನ್ನೊಂದು ವರ್ಷದ ಹಿಂದೆ, ಕುರಿ ಬಿಡಿಸಿಕೊಳ್ಳಲು ಹೋಗಿ ಹೊಗೆಯಲ್ಲಿ ಸಿಕ್ಕಿಬಿದ್ದ ಒಬ್ಬ ಕುರುಬರವನನ್ನು ಎಳೆದು ತರುವಾಗ ಎರಡು ಪಾದವೂ ಬೆಂದುಹೋದವು. ಮರುದಿನ ಗುಂಡಿನ ಮೇಲೆ ಬಟ್ಟೆ ಏರಿಸಿದವರು ಹೆಂಡತಿ.

“ಅವತ್ತು ಇವಳಿಗೆ ಏನೂ ಗೊತ್ತಿರ್ಲಿಲ್ಲ ಸ್ವಾಮಿ. ನಾನು ಇಲ್ಲಿ ಮಲಗಿದ್ದಂಗೇ ಕೂಗಿ ಹೇಳ್ತಿದ್ದೆ, ಅವಳು ಮ್ಯಾಲೆ ನಿಂತು ಕೇಳುಸ್ಕಳ್ತಿದ್ಲು. ಈಗ ನಂಗೇ ಹೇಳ್ಕೊಡ್ತಾಳೆ” ಎಂದು ದೊಡ್ಡರಂಗಪ್ಪ ನಗುತ್ತಾರೆ.

ಇವರ ವಿಷಯ ನನಗೆ ಮೊದಲು ತಿಳಿದದ್ದು ಕೊರಟಗೆರೆಯ ವರ್ತಕ ಚನ್ನಮಲ್ಲಯ್ಯನವರಿಂದ. ಮೂರು ವರ್ಷದ ಹಿಂದೆ, ಧಾತು ಸಂವತ್ಸರದ ಚೈತ್ರದಲ್ಲಿ, ಅವರ ಮಗಳು ಸರ್ವಮಂಗಳಾಳಿಗೆ ಹೆರಿಗೆ ನೋವು ಶುರುವಾಗಿ ಎರಡು ದಿನವಾದರೂ ಮಗು ಬರಲಿಲ್ಲ. ಮಧುಗಿರಿಯ ಆಸ್ಪತ್ರೆಗೆಂದು ಗಾಡಿ ಕಟ್ಟಿಸಿದರು. ಗಾಡಿ ಹೊಡೆಯುತ್ತಿದ್ದವನು ಸಂಜೀವಯ್ಯ. ಕಣಿವೆಯ ಬಾಯಿಗೆ ಬರುವಾಗ ಬಿಸಿಲೇರಿತ್ತು. ಗಳದ ಮೇಲೆ ಕೆಂಪು ಹಾರುತ್ತಿತ್ತು.

“ತಾಯೀ, ಸುತ್ತಿ ಹೋದರೆ ಸಂಜೆಯಾಗುತ್ತೆ. ನನ್ನ ಮಗಳು ಅಲ್ಲೀತನಕ ಇರಲ್ಲ” ಎಂದು ಚನ್ನಮಲ್ಲಯ್ಯ ಕೈಮುಗಿದರು.

ಕೊಲ್ಲಾಪುರಮ್ಮ ಗಾಡಿಯೊಳಗೆ ಬಗ್ಗಿ ಹುಡುಗಿಯ ಮುಖ ನೋಡಿದರು. ಹೊಗೆ ಆಗ ದೂರದ ಹಳ್ಳದಲ್ಲಿತ್ತು, ಗಾಳಿ ಆಚೆ ಕಡೆಗೆ ಬೀಸುತ್ತಿತ್ತು. ಒಂದು ಕಂಬಳಿ ನೆನೆಸಿ ಹೆಗಲಿಗೆ ಹಾಕಿಕೊಂಡು, “ನಡೀರಿ, ಮುಂದೆ ನಾನಿರ್ತೀನಿ” ಎಂದರು.

ಅರ್ಧ ದಾರಿ ಸವೆದಿರಬೇಕು, ಗಾಳಿ ತಿರುಗಿತು. ಹಳ್ಳದಲ್ಲಿದ್ದ ಬೆಂಕಿ ಹುಲ್ಲು ಹಿಡಿದು ಗಾಡಿಯ ಹಿಂದಿನಿಂದ ಏರತೊಡಗಿತು. ಸಂಜೀವಯ್ಯ ಬಾರುಕೋಲು ಎತ್ತಿದ. ಕೊಲ್ಲಾಪುರಮ್ಮ ಎತ್ತಿನ ಮೂಗುದಾರಕ್ಕೇ ಕೈ ಹಾಕಿದರು.

“ಓಡಿಸ್ಬ್ಯಾಡ ಕಣ್ಲಾ! ಏರಿನಾಗೆ ಬೆಂಕಿ ಎತ್ತಿಗಿಂತ ಬಿರ್ನೆ ಬರ್ತೈತೆ. ಬೆಂಕಿಪೊಟ್ಣ ಕೊಡು.”

“ನಿಮ್ಮ ಗೂಡಲ್ಲೇ ಇಟ್ಟು ಬಂದ್ನಲ್ಲವ್ವಾ.”

“ಸೊಂಟದಾಗೆ ಇನ್ನೊಂದೈತೆ, ತೆಗಿ!”

ಇತ್ತು. ಅದರಿಂದ ಕಡ್ಡಿ ಗೀರಿ ಅವರು ಗಾಡಿಯ ಮುಂದಿನ ಹುಲ್ಲಿಗೆ ತಾವೇ ಬೆಂಕಿ ಹಚ್ಚಿದರು. ಚನ್ನಮಲ್ಲಯ್ಯನವರಿಗೆ ಈ ಹೆಂಗಸಿಗೆ ತಲೆ ಕೆಟ್ಟಿತೆಂದೇ ಅನಿಸಿತು. ಗಾಳಿ ಆ ಹೊಸ ಬೆಂಕಿಯನ್ನು ಮುಂದಕ್ಕೆ ಹೊತ್ತುಕೊಂಡು ಹೋಯಿತು. ಹಿಂದೆ ಕರಿಯ ನೆಲ ಉಳಿಯಿತು. ಹಸಿ ಸೊಪ್ಪಿನಿಂದ ಕಿಡಿ ಬಡಿದು, ಎತ್ತುಗಳ ಕಣ್ಣಿಗೆ ಬಟ್ಟೆ ಕಟ್ಟಿ, ಗಾಡಿಯನ್ನು ಆ ಕರಿಯ ನೆಲದ ನಡುವೆ ನಿಲ್ಲಿಸಿದರು. ಸರ್ವಮಂಗಳಾಳ ಮೇಲೆ ನೆನೆದ ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತರು. ಹಿಂದಿನ ಬೆಂಕಿ ಅಬ್ಬರಿಸಿಕೊಂಡು ಬಂದಿತು. ಅಲ್ಲಿ ಸುಡಲು ಏನೂ ಉಳಿದಿರಲಿಲ್ಲ. ಎರಡು ಪಾಲಾಗಿ ಆಚೀಚೆ ಸರಿದು ಹೋಯಿತು.

“ಹೊಗೇಲಿ ನನಗೆ ಏನೂ ಕಾಣ್ತಿರಲಿಲ್ಲ. ಅವರ ಕೈ ನನ್ನ ಹಣೆ ಮೇಲಿತ್ತು, ಅಷ್ಟೇ ಗೊತ್ತು” ಎಂದು ಸರ್ವಮಂಗಳಾ ಹೇಳುತ್ತಾರೆ. “‘ಸುಟ್ಟ ನೆಲ ಇನ್ನೊಂದ್ ಸಲ ಸುಡಲ್ಲ ಮಗಾ’ ಅಂತ ಹೇಳ್ತಾನೇ ಇದ್ದರು.”

ದೀಪ ಹಚ್ಚುವ ಹೊತ್ತಿಗೆ ಮಧುಗಿರಿಯಲ್ಲಿ ಹೆಣ್ಣುಮಗು ಹುಟ್ಟಿತು.

ಆದರೆ ಕೊಲ್ಲಾಪುರಮ್ಮ ಹಚ್ಚಿದ ಬೆಂಕಿ ಅಲ್ಲಿಗೆ ನಿಲ್ಲಲಿಲ್ಲ. ಮೇಲಿನ ರಕ್ಷಿತಾರಣ್ಯಕ್ಕೆ ನುಗ್ಗಿ ಶ್ರೀಗಂಧದ ಸಸಿಗಳನ್ನು ಸುಟ್ಟಿತು. ಶ್ರೀಗಂಧವೆಂದರೆ ಸರ್ಕಾರದ ಸ್ವತ್ತು. ಕಾಡಿಗೆ ಬೆಂಕಿಯಿಟ್ಟರೆ ಜೈಲು. ನಾಲ್ಕನೆಯ ದಿನ ಮೇಲಧಿಕಾರಿಯೊಬ್ಬರು ಕುದುರೆಯೇರಿ ಬಂದರು. ಜೊತೆಗೆ ಫಾರೆಸ್ಟ್ ಗಾರ್ಡ್ ನಾಗಲಿಂಗಯ್ಯ. ಬೆಂಕಿ ಹಚ್ಚಿದ್ದು ಯಾರೆಂದು ಅಧಿಕಾರಿ ಕೇಳಿದರು.

“ನಾನೇ ಬುದ್ಧಿ” ಎಂದರು ದೊಡ್ಡರಂಗಪ್ಪ, ಕೂತಲ್ಲಿಂದಲೇ.

ಕೊಲ್ಲಾಪುರಮ್ಮ ಮುಂದೆ ಬಂದರು. “ಸುಳ್ಳು ಬುದ್ಧಿ. ನಮ್ಮೋರು ಈ ಅಂಗಳ ದಾಟಿ ಎಂಟು ವರ್ಷ ಆಯ್ತು. ಗುಂಡು ಹತ್ತೋಳು ನಾನು, ಬೆಂಕಿ ಹಚ್ಚಿದೋಳೂ ನಾನು.”

ಆ ಒಂದು ಮಾತಿನಿಂದ ತನಗೆ ಸೆರೆಮನೆ, ಗಂಡನಿಗಿದ್ದ ಕೆಲಸಕ್ಕೂ ಸಂಚಕಾರ ಎಂಬುದು ಅವರಿಗೆ ತಿಳಿಯದ್ದಲ್ಲ. ಈಗ ಕೇಳಿದರೆ, “ಇನ್ನೇನು ಮಾಡ್ಲಿ? ನಡೆಯೋಕೆ ಆಗ್ದೋರ್ನ ಜೈಲಿಗೆ ಕಳಿಸ್ಲಾ?” ಎನ್ನುತ್ತಾರೆ. ದೊಡ್ಡರಂಗಪ್ಪ ತಲೆ ಬಗ್ಗಿಸಿ ಪೊರಕೆಯ ಗಂಟು ಬಿಗಿಯುತ್ತಾರೆ.

ಅಧಿಕಾರಿ ಅಲ್ಲೇ ತೀರ್ಪು ಕೊಡಲಿಲ್ಲ. ಜಾಗ ತೋರಿಸೆಂದರು. ಕಣಿವೆಯೊಳಗೆ ಸುಟ್ಟ ಹುಲ್ಲಿನ ನಡುವೆ ಗಾಡಿಯ ಚಕ್ರದ ಗುರುತು, ಎತ್ತಿನ ಗೊರಸಿನ ಗುರುತು ಹಾಗೇ ಇದ್ದವು. ಚನ್ನಮಲ್ಲಯ್ಯನವರೂ ಸಂಜೀವಯ್ಯನೂ ಬಂದು ನಡೆದದ್ದು ನಡೆದಂತೆ ಹೇಳಿದರು. ತನ್ನ ಸೊಂಟದಲ್ಲಿದ್ದ ಬೆಂಕಿಪೊಟ್ಟಣದ ಮಾತನ್ನೂ ಸಂಜೀವಯ್ಯ ಬಿಡಲಿಲ್ಲ. ಹಿಂದಿನ ಬೆಂಕಿಗೆ ಆ ಸಸಿಗಳು ಹೇಗೂ ಉಳಿಯುತ್ತಿರಲಿಲ್ಲ ಎಂದು ನಾಗಲಿಂಗಯ್ಯ ಧೈರ್ಯ ಮಾಡಿ ಹೇಳಿದರು. ಅಧಿಕಾರಿ ಕೊಲ್ಲಾಪುರಮ್ಮನ ಕಡೆ ತಿರುಗಿ, “ಇದನ್ನು ನಿನಗೆ ಕಲಿಸಿದವರು ಯಾರಮ್ಮ?” ಎಂದರು.

“ಪುಸ್ತಕದಾಗೆ ಹೆಸರು ಐತಲ್ಲ ಬುದ್ಧಿ, ಅವರೇಯ.”

ಮೊಕದ್ದಮೆ ಹೂಡಲಿಲ್ಲ. ದೊಡ್ಡರಂಗಪ್ಪನ ಹೆಸರನ್ನು ಪುಸ್ತಕದಿಂದ ಹೊಡೆಯಲೂ ಇಲ್ಲ. ಆ ವರ್ಷದಿಂದ ಪುಷ್ಯ ಮಾಸದಲ್ಲಿ, ಇಬ್ಬನಿ ಇನ್ನೂ ಬೀಳುತ್ತಿರುವಾಗಲೇ, ಗಾಡಿಜಾಡಿನ ಎರಡೂ ಮಗ್ಗುಲಿನ ಹುಲ್ಲನ್ನು ಇಲಾಖೆಯ ಆಳುಗಳೇ ನಿಂತು ಸುಡುತ್ತಾರೆ. ಎಲ್ಲೆಲ್ಲಿ ಎಷ್ಟಗಲ ಸುಡಬೇಕೆಂದು ತೋರಿಸುವವರು ಕೊಲ್ಲಾಪುರಮ್ಮ.

“ಮೊದಲು ಇವರನ್ನ ಹಿಡಿಯೋಕೆ ಅಂತ ಬಂದೋನು ನಾನು. ಈಗ ಇವರು ಕೈ ಎತ್ತದೆ ನಾವ್ಯಾರೂ ಕಡ್ಡಿ ಗೀರಲ್ಲ” ಎನ್ನುತ್ತಾರೆ ನಾಗಲಿಂಗಯ್ಯ.

ಕೊಲ್ಲಾಪುರಮ್ಮ ಕಾವಲಿಗೆ ನಿಂತ ಹನ್ನೊಂದು ಬೇಸಿಗೆಯಲ್ಲಿ ಕಣಿವೆ ಒಂದು ಜೀವವನ್ನೂ ತೆಗೆದುಕೊಂಡಿಲ್ಲ. ಇದನ್ನು ಹೇಳಿದರೆ ಅವರು ಮಾತು ಮರೆಸಿ, “ಮಜ್ಜಿಗೆ ಕುಡೀತೀರಾ?” ಎನ್ನುತ್ತಾರೆ.

ನಾನು ಹೊರಡುವಾಗ ಕಡೆಯ ಗಾಡಿಯೂ ದಾಟಿದೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅವರು ಸ್ವಲ್ಪ ನಾಚಿ ಗಂಡನ ಕಡೆ ನೋಡುತ್ತಾರೆ.

“ಹೆಂಗಸ್ರು ಮಕ್ಕಳು ಗಾಡೀಲಿ ಮಲ್ಗಿರ್ತಾರೆ ನೋಡಿ. ಈ ತುದೀಲಿ ಕಣ್ಣು ಮುಚ್ಚಿದ್ರೆ ಆ ತುದೀಲಿ ಬುಡೋದು. ನಂಗೂ ಒಂದ್ ಸಲ ಅಂಗೆ ಹೋಗ್ಬೇಕು. ನಮ್ಮೋರ್ನ ಪಕ್ಕದಾಗೆ ಕೂರಿಸ್ಕಂಡು, ಬರಗೂರಿನ ಮಗಳ ಮನೀಗೆ. ದಾರಿ ಬ್ಯಾರೆ ಯಾರಾದ್ರೂ ನೋಡ್ಕಳ್ಲಿ, ನಾನು ನಿದ್ದೆ ಮಾಡ್ತೀನಿ. ಕಣಿವೆ ದಾಟಿದ್ದೇ ನಂಗೆ ಗೊತ್ತಾಗ್ಬಾರ್ದು.”