ಫೈಲಿನ ಮೇಲೊಂದು ಶ್ರೀ

ಗಿಂಡಿ ಬಡಾವಣೆಯಲ್ಲಿರುವ ಚಿಕ್ಕಪ್ಪನ ಹೋಟೆಲಿಗೆ ನಾನು ಓಡಿ ಬಂದಾಗ ಬಿಲ್ಲಿನ ಕಂಪ್ಯೂಟರ್ ಕಪ್ಪು ಪರದೆಯಲ್ಲಿ ಬರೀ ಇಂಗ್ಲಿಷ್ ಸಾಲುಗಳನ್ನು ತೋರಿಸುತ್ತಿತ್ತು. ಊಟದ ಟೋಕನ್ನಿಗೆ ಜನ ಬಾಗಿಲವರೆಗೂ ನಿಂತಿದ್ದರು. ಬೀದಿಯವರೆಗೂ ಎನ್ನುತ್ತದೆ ನನ್ನ ನೆನಪು. ಅದನ್ನು ಪೂರ್ತಿ ನಂಬಲಾರೆ. “ಸಾಪಾಡು ಇರುಕ್ಕಾ, ಇಲ್ಲೆಯಾ?” ಊಟ ಇದೆಯೋ ಇಲ್ಲವೋ ಎಂದು ಒಬ್ಬರು ತಮಿಳಿನಲ್ಲಿ ಕೂಗಿದ್ದಂತೂ ನಿಜ.

ಪರದೆಯ ಅಕ್ಷರ ದೊಡ್ಡದಾಗಲು ಆ ಕಂಪ್ಯೂಟರನ್ನು ನಡೆಸುವ ಲಿನಕ್ಸಿನ ಯಾವ ಫೈಲಿನಲ್ಲಿ ಯಾವ ಸಂಖ್ಯೆ ಬದಲಿಸಬೇಕೆಂದು ಬೆಳಿಗ್ಗೆ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿಕೊಟ್ಟವಳು ನಾನೇ. ತಪ್ಪು ಹೇಳಿಬಿಟ್ಟೆನೇ? ಫೈಲ್ ತೆರೆದೆ. ಸಂಖ್ಯೆ ಸರಿಯಾಗಿಯೇ ಇತ್ತು. ಆದರೆ ಎಲ್ಲಕ್ಕಿಂತ ಮೇಲೆ, ನಟ್ಟನಡುವೆ, ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ’ ಎಂದಿತ್ತು. ಅದನ್ನೂ ಆಜ್ಞೆಯೆಂದು ಓದಹೋಗಿ, ಅರ್ಥವಾಗದೆ ಯಂತ್ರ ಅಲ್ಲೇ ನಿಂತಿತ್ತು.

“ಶ್ರೀ ಹಾಕದೆ ಹೊಸ ಕೆಲಸ ಶುರು ಮಾಡುದು ಹೇಗೆ ಮಾರಾಯ್ತಿ?” ಎಂದರು ಚಿಕ್ಕಪ್ಪ. ನಾನು ಅಳಿಸಲು ಹೋದರೆ ಕೈ ಹಿಡಿದರು. “ವ್ಯಾಪಾರದ ಹೊತ್ತು, ದೇವರನ್ನು ಅಳಿಸ್ಬೇಡ!”

ಕೊನೆಗೆ ಶ್ರೀಗೆ ಮೊದಲು ಒಂದು # ಗುರುತು ಹಾಕಿದೆ. ಅದು ಇದ್ದರೆ ಯಂತ್ರ ಆ ಸಾಲನ್ನು ಓದದೆ ಬಿಟ್ಟುಬಿಡುತ್ತದೆ. ಮತ್ತೆ ಚಾಲೂ ಮಾಡಿದಾಗ ಪರದೆ ಬೆಳಗಿತು, ಟೋಕನ್ ಬಂತು. “ನೋಡಿದ್ಯಾ, ಶ್ರೀ ಇದ್ದದ್ದಕ್ಕೇ ಸರಿಯಾಯ್ತು” ಎಂದು ಚಿಕ್ಕಪ್ಪ ಗಲ್ಲಾದಲ್ಲಿ ಕುಳಿತರು.

ಈಗ ಪೆರುಂಗುಡಿಯ ನನ್ನ ಆಫೀಸಿನಲ್ಲೂ ಮುಖ್ಯ ಫೈಲ್ ತಿದ್ದುವ ಮೊದಲು # ಹಾಕಿ ಶ್ರೀ ಬರೆಯುತ್ತೇನೆ. ಭಕ್ತಿಯೋ ಭಯವೋ ಗೊತ್ತಿಲ್ಲ. ಯಂತ್ರ ಓದುವುದಿಲ್ಲ ಎನ್ನುವುದೇ ಧೈರ್ಯ.